ಖಾಲಿ ಬಿಡುವಂತಿಲ್ಲ

ಕೆಂಪು ಚುಕ್ಕಿ ಇರುವ ಕಡೆಯೆಲ್ಲ
ಏನಾದರೂ ತುಂಬಲೇಬೇಕು.
ಟ್ರೈನಿಂಗಿನಲ್ಲಿ ಮೂರು ಸಲ ಹೇಳಿದ್ದರು.

ಚಳ್ಳಕೆರೆ, ಸೊಸೈಟಿಯ ಹಿಂದಿನ ಓಣಿ.
ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತ ಈರಬಡಪ್ಪ.
ಮೇಲೆ ಕುಕ್ಕರಗಾಲಲ್ಲಿ ನಾನು, ನನ್ನ ಮೊಬೈಲು.

ಬಣ್ಣ ಯಾವುದು?
'ಕುರೀದೇ ಕಣವ್ವ.'
ಕಂಪನಿ ಹೆಸರು ಕೇಳ್ತಿದೆ.
'ಕುರಿ ಅಂತ್ಲೇ ಬರಿ.'
ಬರೆದೆ. ತಗೊಂಡಿತು.

ಉಣ್ಣೆ ಕತ್ತರಿಸಿದ ತಾರೀಖು?
ಕಾಟಮ್ಮ ರಾಟೆ ನಿಲ್ಲಿಸದೆ ಅಂದಳು:
'ರೋಣಿ ಮಳೆ ಮುಗಿದ ವಾರ. ಸಿದ್ಲಿಂಗನ ಹಟ್ಟೀದು.
ಮೂಗಿನ ಹತ್ರ ಹಿಡಿ, ಗೊತ್ತಾಗ್ತೈತೆ,
ಜಾಲಿಕಾಯಿ ತಿಂದ ಕುರಿ.'
ಮೂಗಿಗೆ ಅಲ್ಲಿ ಜಾಗವಿಲ್ಲ.
ಜೂನ್ ಹನ್ನೊಂದು ಅಂತ ಒತ್ತಿದೆ.

ಸರಿ ಹಚ್ಚಿದ್ದು ಹುಣಸೆಬೀಜದ್ದು.
ನೀರು ಎಷ್ಟು ಲೀಟರು?
ಕೊಡ ತೋರಿಸಿದಳು, ತಳಕ್ಕೆ ಮೇಣ ಮೆತ್ತಿದ ಕೊಡ.
ಸೋರಿದ್ದನ್ನು ಹಿಡಿಯಬೇಕೋ ಬಿಡಬೇಕೋ
ಯಾರೂ ಹೇಳಿಕೊಟ್ಟಿಲ್ಲ.

ಹಾಸಿನ ನೂಲು ಎಲ್ಲಿಯದು?

ಲಾಳಿ ನಿಂತಿತು.
'ಹೊಕ್ಕು ಇವಳು ನೂತದ್ದು.
ಹಾಸು ಪಾಣಿಪತ್ತಿನ ಮಿಲ್ಲಿಂದು.
ಈ ಸಲ ನಮ್ಮ ಉಣ್ಣೆ ಸಾಲ್ಲಿಲ್ಲ.'

ಪರದೆಯ ಮೇಲೆ ಎರಡೇ:
ಸ್ಥಳೀಯ. ಇತರೆ.
ಇತರೆ ಒತ್ತಿದರೆ ಹಸಿರು ಎಲೆ ಬೂದಿಯಾಗುತ್ತದೆ,
ಒಂದು ಕಂಬಳಿಗೆ ನಾನೂರು ರೂಪಾಯಿ ಇಳಿಯುತ್ತದೆ.
ಅವನಿಗೂ ಗೊತ್ತು.
ಹೋದ ವಾರ ಪಕ್ಕದ ಮಗ್ಗದವರು ಸ್ಥಳೀಯ ಅಂದಿದ್ದರು,
ತಲೆ ಎತ್ತದೆ ಒತ್ತಿದ್ದೆ ನಾನು.
ಎಲ್ಲೋ ಚಳಿಯ ಊರಿನಲ್ಲಿ ಯಾರೋ
ಅಂಚಿನ ಚೌಕಕ್ಕೆ ಫೋನು ಹಿಡಿದು, ಓದಿ,
ನಂಬಿ ಹೊದ್ದುಕೊಂಡಿರಬೇಕು
ನನ್ನ ಬೆರಳನ್ನು.

'ಬರ್ಕ' ಅಂದ ಈರಬಡಪ್ಪ.
'ಕಂಬಳಿ ಸುಳ್ಳಾಡಿದ್ರೆ ಒಂದು ಮಳೇಲಿ ಸಿಕ್ಕಿಬೀಳ್ತೈತೆ.
ನಿನ್ನ ಪೆಟ್ಟಿಗೆ ಯಾವ ಮಳೇಲಿ ನೆನೀತೈತೆ?'

ಇತರೆ.

ಎಲೆ ಬೂದಿಯಾಯಿತು. ಕೆಳಗೆ
ಇನ್ನೊಂದು ಕೆಂಪು ಚುಕ್ಕಿ: ಕಾರಣ.
ಐವತ್ತು ಅಕ್ಷರ ಮೀರಬಾರದು.
ಕಾಟಮ್ಮ ಎಳೆ ಬಿಡದೆ ಹೇಳಿದಳು, ನಾನು ಒತ್ತಿದೆ:
ಕಾವಲಿಗೆ ಗೋಡೆ ಬಂತು. ಕುರಿ ಮಾರಿದರು.
ಇನ್ನೂ ಜಾಗ ಉಳಿದಿತ್ತು.
ಅಲ್ಲೇ ಬರೆದೆ: ನೂತವಳು ಕಾಟಮ್ಮ.
ಅವಳ ಹೆಸರಿಗೆ ಇಡೀ ಫಾರಮ್ಮಿನಲ್ಲಿ
ಚುಕ್ಕಿಯೇ ಇರಲಿಲ್ಲ.

ಕಳಿಸಿದೆ. ಹೋಗಲಿಲ್ಲ. ಸಿಗ್ನಲ್ಲಿಲ್ಲ.
'ತಿಪ್ಪೆ ಮೇಲೆ ನಿಂತ್ಕ' ಅಂದಳು,
'ಅಲ್ಲಿ ಎರಡು ಕಡ್ಡಿ ಬರ್ತೈತೆ.'
ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದೆ.