ತೂತಿನ ಬನೀನು

ಲರ್ವಿಕ್ ಬಂದರಿನ ಮೇಲೆ, ಮೂರನೆಯ ಓಣಿಯಲ್ಲಿ
ಮ್ಯಾಗ್ನಸ್ ಇಸ್ಬಿಸ್ಟರನ ಮನೆ.
ಬೆಳಿಗ್ಗೆ ಎಂಟು, ಇನ್ನೂ ಕತ್ತಲೆ.
ನನ್ನ ಕೆಲಸ ಇಷ್ಟೆ: ಮುದುಕನ ಮೈ ಒರೆಸಿ,
ಬಟ್ಟೆ ತೊಡಿಸಿ, ಓಟ್ಸ್ ಗಂಜಿ ಕಾಯಿಸಿಟ್ಟು
ಪುಸ್ತಕದಲ್ಲಿ ಸಮಯ ಬರೆದು ಹೊರಡುವುದು.
ನಲವತ್ತೈದು ನಿಮಿಷ.

ಮೊದಲ ದಿನ ಅವನು ತೋರಿಸಿದ ಬನೀನು ಕಂಡು
ನಗು ತಡೆಯಲಿಲ್ಲ. ಮೀನಿನ ಬಲೆ ಅದು.
ಹೆಬ್ಬೆರಳು ತೂರುವಷ್ಟು ತೂತು,
ಕೊರಳಿಂದ ಸೊಂಟದವರೆಗೆ ಬರೀ ತೂತು.
ಹರಿದಿದೆ, ಎಸೆಯಲೇ? ಎಂದೆ.

ಅವನ ಇಂಗ್ಲಿಷಿನಲ್ಲಿ ಇಂಗ್ಲಿಷು ಕಡಿಮೆ.
ಕಡಲಲ್ಲಿ ನೆನೆದ ಸೊಲ್ಲು. ಗದುಗಿನ ನನ್ನ ಕಿವಿಗೆ
ನಮ್ಮ ಕಡೆಯ ಮಾತಾಗಿಯೇ ಬೀಳುತ್ತದೆ:
"ಒಗೀಬ್ಯಾಡ ತಂಗಿ. ನೂಲು ಬರೇ ಬೇಲಿ.
ಬೆಚ್ಚಗ ಇಡೂದು ತೂತು."

ನಾನು ತೊಟ್ಟಿದ್ದು ಎರಡು ಸ್ವೆಟರು, ಮೇಲೆ
ಅಗ್ಗಕ್ಕೆ ಸಿಕ್ಕ, ಒಂದಳತೆ ಚಿಕ್ಕ ಕೋಟು.
ಜಿಪ್ ಎಳೆಯಲು ಉಸಿರು ಬಿಗಿಹಿಡಿಯಬೇಕು.
ಒತ್ತಿ ಕಟ್ಟಿದ ಅರಳೆಯ ಅಂಡಿಗೆ ನಾನು.
ಆದರೂ ಬೆನ್ನಹುರಿಯಲ್ಲಿ ಮಂಜಿನದೊಂದು ಇಲಿ
ಮೇಲೆ ಕೆಳಗೆ ಓಡುತ್ತಿತ್ತು.
ಮ್ಯಾಗ್ನಸ್ ನನ್ನ ತೋಳು ಒತ್ತಿ ನೋಡಿದ,
ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.
"ಗಾಳಿಗೆ ಕುಂದ್ರಾಕ ಜಾಗಾನ ಇಟ್ಟಿಲ್ಲಲ್ಲ."

ಗಾಳಿಗೆ ಜಾಗವೇ!
ಒಂದು ಮರವಿಲ್ಲದ ಬಟ್ಟಬಯಲು ಈ ದ್ವೀಪ,
ಕಾರಿನ ಬಾಗಿಲನ್ನೇ ಕಿತ್ತೊಯ್ಯುತ್ತದೆ ಗಾಳಿ.
"ಅದು ಓಡೂ ಗಾಳಿ, ಕಳ್ಳ.
ಕುಂತ ಗಾಳಿ ಕಂಬಳಿ."
ಅವನಿಗೆ ಅವೆರಡಕ್ಕೂ ಬೇರೆ ಬೇರೆ ಹೆಸರು.
ನನ್ನ ಭಾಷೆ ಎರಡನ್ನೂ ಗಾಳಿ ಎಂದೇ ಕರೆದು ಸುಮ್ಮನಾಗಿದೆ.

ದೊಡ್ಡವ್ವ ಕೌದಿ ಹೊಲಿಯುವಾಗ
ನಾನು ದಾರ ಜಗ್ಗಿದರೆ ಕೈಗೊಂದು ಏಟು ಬೀಳುತ್ತಿತ್ತು.
"ಬಿಗೀಬ್ಯಾಡ, ಸಾಯ್ತದ ಕೌದಿ."
ಹಳೇ ಸೀರೆ, ಧೋತರ, ನನ್ನ ಶಾಲೆಯ ಲಂಗ,
ನಡುನಡುವೆ ಅವಳು ಬಿಟ್ಟಿದ್ದೇನು ಎಂದು
ನಾನು ಎಂದೂ ಕೇಳಲಿಲ್ಲ.

ಒಮ್ಮೆ ಶೇವ್ ಮಾಡಿಸಿಕೊಳ್ಳುತ್ತ ಹೇಳಿದ:
ಚಳಿ ಹಿಮದಿಂದ ಬರುವುದಿಲ್ಲ, ನೀರಿನಿಂದ.
ದೋಣಿಯೊಳಗೆ ಒಂದೇ ಒಂದು ತೆರೆ.
"ಅಂಗಿ ಅದ, ಉಣ್ಣಿ ಅದ,
ಒಳಗಿನ ಬಾಡಿಗೀದಾರ ಬದಲಾದ, ಅಷ್ಟ."
ಆಮೇಲೆ ಬಹಳ ಹೊತ್ತು ಕನ್ನಡಿ ನೋಡಿದ.
ತಮ್ಮನ ಹೆಸರು ಹೇಳಿದ. ಅರ್ಧ ಗಡ್ಡಕ್ಕೆ ಸೋಪು ಹಾಗೇ ಇತ್ತು.

ಫೆಬ್ರವರಿಯಲ್ಲಿ ಅವನು ಆಸ್ಪತ್ರೆ ಸೇರಿದಾಗ
ಬಟ್ಟೆ ತರಲು ಒಬ್ಬಳೇ ಹೋದೆ.
ಕಪಾಟಿನ ತುಂಬ ಉಣ್ಣೆ. ಮುಟ್ಟಿದರೆ
ನಸುಕಿನ ಬಾವಿನೀರು.
ಅಷ್ಟು ಸ್ವೆಟರು ಒಂದರ ಮೇಲೊಂದು ಮಲಗಿ
ಒಂದು ಇರುವೆಯನ್ನೂ ಬೆಚ್ಚಗಿಡಲಾರವು.
ಕಾವು ಅವುಗಳದ್ದಲ್ಲ.
ಹೊರಟುನಿಂತ ನೆಂಟರನ್ನು ಹೊಸ್ತಿಲಲ್ಲಿ ತಡೆದು
'ಕೂತು ಹೋಗಿ, ಇನ್ನೊಂದು ಗಳಿಗೆ' ಅನ್ನುವುದಷ್ಟೇ
ಅವುಗಳಿಗೆ ಗೊತ್ತು.
ಬನೀನು ಒಗೆದು ತಂತಿಗೆ ಹಾಕಿದೆ.
ಪ್ರತಿ ತೂತಿನಲ್ಲೂ ಕಡಲು.

ಮಾರ್ಚಿನಲ್ಲಿ ಮರಳಿದ, ಒಂದಳತೆ ಚಿಕ್ಕವನಾಗಿ.
ಮೈ ಒರೆಸಿದೆ. ಬಲೆ ತೊಡಿಸಿದೆ,
ಅದರ ಮೇಲೆ ಫ್ಲಾನೆಲ್ ಅಂಗಿ, ಮೇಲೆ ಅವನ ಹೆಂಡತಿ
ಜಾನೆಟ್ ಹೆಣೆದ ಜಂಪರು, ಮೊಳಕೈಗೆ ಬೇರೆ ಬಣ್ಣದ ತೇಪೆ.
ಕೆಲಹೊತ್ತು ಏನೂ ಆಗಲಿಲ್ಲ.
ಆಮೇಲೆ ತುಟಿಯ ನೀಲಿ ಮೆಲ್ಲಗೆ ಇಳಿಯಿತು.
ನಾನು ಮಾಡಿದ್ದೇನೂ ಇಲ್ಲ. ಅವನದೇ ಅವನಿಗೆ ಸಿಕ್ಕಿತು.

ಪುಸ್ತಕದಲ್ಲಿ ನಲವತ್ತೈದು ಎಂದು ಬರೆದೆ.
ಗಡಿಯಾರ ಎಪ್ಪತ್ತು ಅನ್ನುತ್ತಿತ್ತು.

ಈಗ ನನ್ನದು ದಾನದಂಗಡಿಯ ಕೋಟು,
ಯಾರೋ ದಪ್ಪನೆಯ ಹೆಂಗಸಿನದು.
ಜೇಬಿನಲ್ಲಿ ಅವಳ ಪೆಪ್ಪರಮಿಂಟು ಇನ್ನೂ ಇದೆ.
ಬಸ್ಸು ಹನ್ನೊಂದು ನಿಮಿಷ ತಡ.
ಕಂಬ ಹಿಡಿದು ನಿಂತಿದ್ದೇನೆ, ಕಳ್ಳ ಗುಂಡಿ ಗುಂಡಿ ತಡಕುತ್ತಿದ್ದಾನೆ.
ಒಳಗೆ, ಕೋಟಿಗೂ ನನಗೂ ನಡುವೆ,
ಒಂದು ಬೆರಳಗಲ ಏನೂ ಇಲ್ಲದ್ದು
ನನ್ನ ಜೊತೆಗೇ ಕಾಯುತ್ತಿದೆ.