ನಾಕನೇದು ನಂದು

ರಾತ್ರಿಪಾಳಿ ಮುಗಿಸಿ ಉರುಕುಂದಪ್ಪ ಬರೋದು ಆರೂಕಾಲಕ್ಕ,
ಶಾಂಭವಿ ಸಾಲಿ ಬಸ್ಸು ಏಳೂವರಿಗೆ.
ಈ ಸಂದಿನಾಗ ನಂದೊಂದು ಓಟ.

ಪುಂಡಿಪಲ್ಯದ ಸಿವುಡಿನ ಪಕ್ಕ
ಫ್ರಿಜ್ಜಿನಾಗ ತಣ್ಣಗ ಕುಂತೈತಿ ಇನ್ಸುಲಿನ್ನು.
ದಿನಾ ಬೆರಳು ಚುಚ್ಚಿ ಅಪ್ಪಣಿ ಕೇಳ್ತೀನಿ.
ಅವತ್ತು ನೂರಾ ನಲವತ್ತು. ಹೋಗಿ ಬಾ ಅಂತು ಮಿಷನ್ನು.

ಜೇಬಿನಾಗ ನಾಕು ಪೆಪ್ಪರಮಿಂಟು, ಒಂದು ಚೀಟಿ:
‘ಅವ್ವಾ, ನಾಕನೇದು ನಂದು.’

ಶಕ್ತಿನಗರದ ಚಿಮಣಿ ಹೊಗಿ ಕೃಷ್ಣೆಯ ಕಡೆ ವಾಲಿತ್ತು.
ಬೂದಿ ಟ್ಯಾಂಕರು ಹಾದು ಹೋದಮ್ಯಾಲ
ಹಲ್ಲಿನಾಗ ಕರಕರ. ಆದರೂ ಕಾಲು ಹಗುರ,
ಬ್ಯಾನಿ ಎಲ್ಲೋ ಹಿಂದ ಉಳಿದಂಗ.

ಸೇತುವಿ ಹತ್ರ ಬೆವರು ತಣ್ಣಗಾತು. ಕೈ ನಡುಗಿತು.
ಕುಂತೆ. ಒಂದು. ಎರಡು. ಮೂರು.
ಹೊಳ್ಯಾಗ ಮೀನು ಹಿಡಿಯೋರ ಹರಗೋಲು
ಇದ್ದಲ್ಲೇ ತಿರುಗತಿತ್ತು.
ನಾಕನೇದರ ಕಾಗದ ಬಿಚ್ಚುವಾಗ
ಕಳ್ಳಿಯಂಗ ಆಜೂಬಾಜೂ ನೋಡಿದೆ.

ಮನಿಗೆ ಬಂದಾಗ ಬಸ್ಸು ಹೋಗಿತ್ತು.
ಅಪ್ಪ ಹೆಣೆದ ಸೊಟ್ಟ ಜಡಿ, ನಿದ್ದಿಗಣ್ಣಿನ ಅಪ್ಪ,
ಗೇಟಿನಾಗ ಸ್ಕೂಟರ್ ಮ್ಯಾಲ ಕಾಯತಿದ್ರು ಇಬ್ಬರೂ.
ಶಾಂಭವಿ ನನ್ನ ಜೇಬಿಗೆ ಕೈ ಹಾಕಿ
ಬರೇ ಕಾಗದ ಎಣಿಸಿದಳು.
ಏನೂ ಅನಲಿಲ್ಲ.

ಮರುದಿನ ಜೇಬಿನಾಗ ಐದು.
ಚೀಟಿ ಇರಲಿಲ್ಲ.