ಗಂಟು

ಗದಗಿನಲ್ಲಿ ಹಿಂದೆ ಹತ್ತಿ ತುಂಬುತ್ತಿದ್ದ ಗೋದಾಮಿನೊಳಗೆ ನಮ್ಮ ಮಂಚ.
ಮೇಲೆ ನಾನು, ಕೆಳಗೆ ನರೇಗಲ್ಲಿನ ಜನ್ನತಬಿ.
ಗೋಡೆಯ ಬಿರುಕಿನಲ್ಲಿ ಇನ್ನೂ ಅರಳೆ ಉಳಿದಿದೆ;
ಫ್ಯಾನು ಹಾಕಿದರೆ ಒಂದೆರಡು ಎಳೆ ಹಾರಿ
ಅನ್ನದ ತಾಟಿಗೆ ಬೀಳುತ್ತವೆ.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ
"ಎರಡು ವರ್ಷ ಅಲ್ಲೇನ ಕಡದು ಕಟ್ಟಿ ಹಾಕತಿ?" ಅಂದಾಗ
"ಜನರ ಸೇವಾ" ಅಂದಿದ್ದೆ, ಎದೆ ಸೆಟೆಸಿ,
ಬಾಗಿಲಲ್ಲಿ ನಿಂತ ಕಂಡಕ್ಟರಿಗೂ ಕೇಳುವ ಹಾಗೆ.

ಮೊದಲ ವಾರ ತಿಕ್ಕಿದ್ದು ಪಾತ್ರೆ.
ಅರವತ್ತು ಮಂದಿಯ ತಾಟು, ತಳ ಹತ್ತಿದ ಬೋಗುಣಿ.
ಎರಡನೆಯ ವಾರ ಪಾಯಿಖಾನೆ.
ನಡುನಡುವೆ ಬ್ಯಾಂಡೇಜು ಸುತ್ತುವುದು, ಒಬ್ಬರ ಕಾಲಿಗೆ ಒಬ್ಬರು,
ಮುರಿಯದ ಕಾಲಿಗೆ.
ಫಕ್ಕೀರೇಶ ಸ್ಟ್ರೆಚರಿನ ಮೇಲೆ ರೋಗಿಯಾಗಿ ಮಲಗಿದವನು
ನಿಜಕ್ಕೂ ನಿದ್ದೆ ಹೋದ. ಎಬ್ಬಿಸದೆ ಹೊತ್ತು
ಬೇವಿನ ನೆರಳಲ್ಲಿ ಇಳಿಸಿ, ಚಾದರ ಹೊದಿಸಿ ಬಂದೆವು.
ಆ ಹದಿನಾಲ್ಕು ದಿನದಲ್ಲಿ
ನಾವು ಮಾಡಿದ ಸೇವೆ ಅದೊಂದೇ.

ಹಾವನೂರ ಬಾಯಾರು ಬೈಯಲಿಲ್ಲ, ನಗಲೂ ಇಲ್ಲ.
ಐವತ್ತು ದಾಟಿದವರು. ಕಾಲಲ್ಲಿ ಗಂಡಸರ ಕೆರವು.
"ಬಾಯಿ ಆರು ತಿಂಗಳಾದ ಮ್ಯಾಲೆ," ಅನ್ನುತ್ತಾರೆ,
"ಸದ್ಯಕ್ಕ ಕಿವಿ ತೊಳಕೋರಿ."

ರಾತ್ರಿ ಜನ್ನತಬಿ ಮೂಗು ಏರಿಸುತ್ತಾಳೆ. ಕೇಳಿದರೆ
"ನೆಗಡಿ" ಅನ್ನುತ್ತಾಳೆ. ನನಗೂ ಅದೇ ನೆಗಡಿ.
ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಗಂಟನ್ನು
ನಾನಿನ್ನೂ ಬಿಚ್ಚಿಲ್ಲ.

ಮೂರನೆಯ ಸೋಮವಾರ ಕೈಗೆ ಹಾಳೆ ಕೊಟ್ಟು
ಬೆಟಗೇರಿಗೆ ಕಳಿಸಿದರು. ನಲವತ್ತೆರಡು ಪ್ರಶ್ನೆ.
ಮನೆಯಲ್ಲಿ ಎಷ್ಟು ಮಂದಿ, ನೀರು ಎಷ್ಟು ದಿನಕ್ಕೊಮ್ಮೆ,
ಕಕ್ಕಸು ಇದೆಯೋ, ಇದ್ದರೆ ಒಳಗೆ ಕಟ್ಟಿಗೆ ಒಟ್ಟಿದ್ದೀರೋ.
ಓಣಿ ತುಂಬ ಮಗ್ಗದ ಸದ್ದು.
"ಯಾರದೀರಿ ಒಳಗ" ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ.

ಒಂದು ಮನೆಯ ಸದ್ದು ನಿಂತಿತು.
"ಎಳಿ ಹರದೈತಿ. ಬಾ, ಹಿಡಿ."
ಕುಣಿಯಲ್ಲಿ ಕಾಲು ಬಿಟ್ಟು ಕೂತ ಬನಶಂಕರವ್ವ
ಯಾರೆಂದು ಕೇಳಿದ್ದು ನಾನು ಹಿಡಿದ ಮೇಲೆ.
ಹಾಳೆ ನನ್ನ ತೊಡೆಯ ಕೆಳಗೆ.
ಒಂದು ತಾಸು ಪ್ರಶ್ನೆಯೆಲ್ಲ ಅವಳದೇ:
ಯಾ ಊರಾಕಿ, ಯಾರ ಮಗಳು, ಉಂಡಿಯೇನ,
ಪಗಾರ ಎಷ್ಟು, ಅಷ್ಟಕ್ಕ ಯಾಕ ಬಂದಿ.
ಕಂಡಕ್ಟರಿಗೆ ಕೇಳಿಸಿದ್ದ ಮಾತು
ಅಲ್ಲಿ ನಾಲಿಗೆಗೆ ಬರಲಿಲ್ಲ.

ಸಂಜೆ ನನ್ನ ಹಾಳೆ ಖಾಲಿ.
ಫಕ್ಕೀರೇಶ ಒಂಬತ್ತು ಮನೆ ಮುಗಿಸಿದ್ದ, ಗೆರೆ ಹೊಡೆದು, ಎರಡು ಬಣ್ಣದಲ್ಲಿ.
"ಎಳಿ ಹಿಡಕೊಂಡು ಕುಂತಿದ್ದೆರಿ," ಅಂದೆ.
ಯಾರೋ ಕಿಸಕ್ಕೆಂದರು.
ಬಾಯಾರು ಕನ್ನಡಕ ತೆಗೆದರು.
"ಹರದ ತುದಿ ಆಕಿ ಹೆಂಗ ಹುಡಿಕಿದಳು?"

ಆಗ ನೆನಪಾಯಿತು. ಬೆರಳಿನಿಂದ.
ನೂರಾರು ಎಳೆಯ ಮೇಲೆ ಮೆಲ್ಲಗೆ ಕೈಯಾಡಿಸಿ,
ಸಿಕ್ಕಿದ್ದನ್ನು ತುಟಿಗೆ ಮುಟ್ಟಿಸಿ ನೋಡಿ.
ಮಾತಾಡುವಾಗ ಅವಳ ಮುಖವಿದ್ದದ್ದು
ನನ್ನ ಪಕ್ಕದ ಕಂಬದ ಕಡೆಗೆ.
ನಲವತ್ತೆರಡರಲ್ಲಿ ಕಣ್ಣಿನ ಪ್ರಶ್ನೆ ಇರಲಿಲ್ಲ.

ಬಾಯಾರು ಏನೂ ಬರೆದುಕೊಳ್ಳಲಿಲ್ಲ.
"ಇವತ್ತ ಪಾತ್ರಿ ಪಾಳಿ ಯಾರದು?" ಅಂದರು.
ನನ್ನದೇ.

ಈಗ ದೀಪ ಆರಿಸಿದ್ದಾರೆ. ಗಂಟು ಬಿಚ್ಚಿದೆ.
ಹಿಂಡಿ ತುಸು ಮುಗ್ಗಾಗಿದೆ; ಜನ್ನತಬಿ ಎರಡು ಸಲ ಈಸಿಕೊಂಡಳು.
ಅರಿವೆಯ ಬಾಯಿಗೆ ಅವ್ವ ಸುತ್ತಿದ್ದ ದಾರವನ್ನು
ಹಲ್ಲಿನಿಂದ ಕಡಿದು ಎರಡು ಮಾಡಿ
ಬನಶಂಕರವ್ವ ಹಾಕಿದ ಗಂಟು ಹಾಕಲು ನೋಡುತ್ತೇನೆ,
ಕಣ್ಣು ಮುಚ್ಚಿ. ಜಾರುತ್ತದೆ. ಮತ್ತೆ ಜಾರುತ್ತದೆ.

"ನಿದ್ದಿ ಬರಲಿಲ್ಲೇನ?" ಕೆಳಗಿನ ಮಂಚದಿಂದ.
"ಇಲ್ಲ. ಮ್ಯಾಲೆ ಬಾ,
ಈ ತುದಿ ಒಂಚೂರು ಹಿಡಿ."